ಪದವಿ ಯಾರ ಪರ?

1936ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟು ಮುಂಬಯಿಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. ಅದಕ್ಕೂ 9 ವರ್ಷ ಮುಂಚೆ, 1927ರಲ್ಲಿ, ಬಾಬಾಸಾಹೇಬರ ಜೊತೆ ಮಹಾಡದ ಕೆರೆ ನೀರು ಮುಟ್ಟಿದ ನಮ್ಮ ಜನ ಮಾಡಿದ್ದೂ ಸಮಾಜಕಾರ್ಯವೇ. ಅದಕ್ಕೆ ಯಾರೂ ಪದವಿ ಕೊಡಲಿಲ್ಲ, ಏಟು ಕೊಟ್ಟರು.

ಇವತ್ತು ಬಿಎ ಮುಗಿಸಿದ ನಮ್ಮ ಹುಡುಗರಿಗೆ ಎರಡು ವರ್ಷದ ಎಂಎಸ್‌ಡಬ್ಲ್ಯು ಇದೆ. ಅದರಲ್ಲಿ ಸಮುದಾಯ ಅಭಿವೃದ್ಧಿ, ವೈದ್ಯಕೀಯ, ಮಾನವ ಸಂಪನ್ಮೂಲ ಅಂತ ಕವಲುಗಳು. ಮನೆಯ ಸಾಲ ನೆನೆದು ಕಾರ್ಖಾನೆಯ ದಾರಿ ಹಿಡಿದವರನ್ನು ನಾವು ಬೈಯುವುದಿಲ್ಲ. ಹೊಟ್ಟೆಗೂ ನ್ಯಾಯ ಬೇಕು. ಆದರೆ ಕೂಲಿಯವನನ್ನು ಕೆಲಸದಿಂದ ತೆಗೆಯುವ ಕಾಗದ ನಿಮ್ಮ ಮೇಜಿಗೆ ಬಂದಾಗ ಏನು ಮಾಡ್ತೀರಿ? ಕ್ಷೇತ್ರಕಾರ್ಯ ಅಂತ ಕೇರಿಗೆ ಬಂದು ನಮ್ಮ ಬಡತನ ಬರಕೊಳ್ಳೋರು, ನೀರು ಕೊಡದ ಊರಿನ ಜಾತಿಯನ್ನೂ ಬರೀತೀರಾ? ಯಾವ ಕವಲಾದರೂ ಓದಿ, ಈ ಪ್ರಶ್ನೆಯನ್ನು ಮಾತ್ರ ಕಾಲೇಜಿನ ಗೇಟಿನಾಚೆ ಬಿಟ್ಟುಹೋಗಬೇಡಿ.