ಹದಿನೇಳು ಗಂಟೆಯ ದೂರ

ಊರಿಂದ ಊರಿಗೆ ಎಷ್ಟು ದೂರ ಎಂದು ಕೇಳಿದರೆ ನಾವು ಹೆಂಗಸರು ಮೈಲಿಯಲ್ಲಿ ಹೇಳುವುದು ಕಡಿಮೆ. ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತವರಲ್ಲಿರಬಹುದು ಎಂಬುದೇ ನಮ್ಮ ಲೆಕ್ಕ. ಮಕ್ಕಳು ಅಮೆರಿಕ ಸೇರಿದ ಮೇಲೂ ಈ ಲೆಕ್ಕ ಬಿಟ್ಟಿಲ್ಲ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಸುಮಾರು 14,000 ಕಿಲೋಮೀಟರ್ ಎಂದರೆ ಮನಸ್ಸಿಗೆ ಏನೂ ಹೊಳೆಯದು. ಹದಿನೇಳು ಗಂಟೆ ಎಂದರೆ ತಟ್ಟನೆ ತಿಳಿಯುತ್ತದೆ.

ಈ ಎರಡು ನಿಲ್ದಾಣಗಳ ನಡುವೆ ಎಲ್ಲೂ ಇಳಿಯದ ಏರ್ ಇಂಡಿಯಾ ವಿಮಾನ ಮೊದಲು ಹಾರಿದ್ದು 2021ರ ಜನವರಿಯಲ್ಲಿ. ಅದನ್ನು ನಡೆಸಿದ ನಾಲ್ವರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳು. ಗೋಡೆಯ ನಕ್ಷೆ ನೋಡಿದರೆ ಸಾಗರದ ಮೇಲೆ ಅಡ್ಡಲಾಗಿ ಹೋಗಬೇಕೆನಿಸುತ್ತದೆ. ಶಾಲೆಯ ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಕಡೆಗೆ ಸರಿಯುತ್ತದೆ. ಅವರು ಬಂದದ್ದೂ ಆ ಹಿಮದ ಮೇಲೆಯೇ. 9ರ ರಾತ್ರಿ ಅಲ್ಲಿಂದ ಹೊರಟು 11ರ ನಸುಕಿಗೆ ಬೆಂಗಳೂರಿನಲ್ಲಿ ಇಳಿದರು. ಹಾರಿದ್ದು ಹದಿನೇಳು ಗಂಟೆ. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರದ ವ್ಯತ್ಯಾಸ.

ದಾರಿ ಹೀಗೆ ಚಿಕ್ಕದಾದರೆ ಕರ್ತವ್ಯ ದೊಡ್ಡದಾಗುತ್ತದೆಯೆ? ಹಿಂದೆ ಹಡಗು ಹತ್ತಿ ಹೋದ ಮಗ ತಂದೆಯ ಕೊನೆಗಾಲಕ್ಕೆ ಬರಲಿಲ್ಲವೆಂದು ಯಾರೂ ದೂರುತ್ತಿರಲಿಲ್ಲ. ವಾರಗಟ್ಟಲೆಯ ಸಮುದ್ರವೇ ಅವನ ಪರವಾಗಿ ಉತ್ತರ ಕೊಡುತ್ತಿತ್ತು. ಈಗ ತಾಯಿ ಆಸ್ಪತ್ರೆ ಸೇರಿದಳೆಂದರೆ ಅಕ್ಕಪಕ್ಕದವರ ಮೊದಲ ಪ್ರಶ್ನೆ, "ಮಗಳು ಹೊರಟಳಂತಾ?" ಆಕ್ಷೇಪಿಸುವವರಿಗೆ ಹದಿನೇಳು ಗಂಟೆ ಬಹಳ ಹತ್ತಿರ. ಬಾಯಿಗೆ ಕೊನೆಯ ಗುಟುಕು ನೀರು ಬಿಡಬೇಕಾದವಳಿಗೆ ಬಹಳ ದೂರ.

ಹಾರುವ ಹೊತ್ತೊಂದನ್ನೇ ಪ್ರಯಾಣದ ಹೊತ್ತು ಎಂದುಕೊಳ್ಳುವುದರಿಂದ ಈ ಅನ್ಯಾಯ ಆಗುತ್ತದೆ. ಕೆಲಸದಲ್ಲಿ ರಜೆ, ಮರಳಿ ಹೋಗಲು ಬೇಕಾದ ವೀಸಾ, ಟಿಕೆಟ್ಟಿನ ಹಣ, ಶಾಲೆಗೆ ಹೋಗುವ ಮಗುವಿನ ಹೊಣೆ, ಇವು ವಿಮಾನದ ವೇಳಾಪಟ್ಟಿಯಲ್ಲಿ ಬರುವುದಿಲ್ಲ. ಬರಲು ಸಾಧ್ಯವಿದ್ದೂ ಬಾರದವರಿಗೆ ದೂರದ ನೆಪ ಸಲ್ಲದು, ನಿಜ. ಆದರೆ ಯಾರಿಗೆ ಸಾಧ್ಯವಿತ್ತು, ಯಾರಿಗಿರಲಿಲ್ಲ ಎಂದು ತೀರ್ಪು ಕೊಡಲು ನಾವು ಯಾರು? ಎದುರು ಬೀದಿಯಲ್ಲೇ ಇದ್ದು ತಿಂಗಳಿಗೊಮ್ಮೆಯೂ ಹೊಸಿಲು ತುಳಿಯದ ಮಗನ ದೂರವನ್ನು ಯಾವ ಗಂಟೆಯಲ್ಲಿ ಅಳೆಯೋಣ?

ನನಗೆ ತೋಚುವುದು ಇಷ್ಟು. ಈ ಹದಿನೇಳು ಗಂಟೆಯನ್ನು ನಾವೂ ಮಕ್ಕಳೂ ಸಾವಿನ ದಿನಕ್ಕೆಂದು ಎತ್ತಿಟ್ಟುಕೊಂಡಿದ್ದೇವೆ. ಅದು ಸಾಲದೆ ಹೋಗುವುದು ಆ ಒಂದು ದಿನಕ್ಕೆ ಮಾತ್ರ. ತಾಯಿ ನಡೆದಾಡಿಕೊಂಡಿರುವಾಗ, ಹಬ್ಬವೂ ಇಲ್ಲದ ಒಂದು ವಾರ ಬಂದು ಅವಳ ಕೈಯ ಸಾರು ಅನ್ನ ಉಂಡು, ಮಧ್ಯಾಹ್ನ ಪಕ್ಕದಲ್ಲಿ ಚಾಪೆ ಹಾಸಿ ಮಲಗುವುದಕ್ಕೆ ಹದಿನೇಳು ಗಂಟೆ ಏನೂ ದೂರವಲ್ಲ. "ನೀನೇನೂ ಬರಬೇಡ, ಚೆನ್ನಾಗಿದ್ದೇನೆ" ಎಂದು ಫೋನಿನಲ್ಲಿ ಹೇಳುವ ತಾಯಂದಿರು, "ಚೆನ್ನಾಗಿದ್ದೇನೆ, ಈಗಲೇ ಬಾ" ಎಂದು ಹೇಳುವುದನ್ನು ಕಲಿಯಬೇಕು.