ಜಗಲಿಗೆ ಗೋಡೆ

ಗೆದ್ದಲು ಹಿಡಿದ ಕಂಬಗಳನ್ನು ಕಿತ್ತು ಜಗಲಿಯನ್ನು ಹೊಸದಾಗಿ ಕಟ್ಟಿಸುವಾಗ ಅದರ ಅರ್ಧಭಾಗಕ್ಕೆ ಗೋಡೆಯನ್ನೆಬ್ಬಿಸಬೇಕೆಂದು ಮಲೆನಾಡಿನ ಗೃಹಸ್ಥನೊಬ್ಬನು ಸಂಕಲ್ಪಿಸಿದರೆ, ಅದು ಕೇವಲ ಬಡಗಿಯೊಡನೆ ಇತ್ಯರ್ಥವಾಗತಕ್ಕ ವಿಷಯವೆಂದು ನಾನು ಭಾವಿಸಲಾರೆನು. ಪಂಚಮಹಾಯಜ್ಞಗಳಲ್ಲಿ ಅತಿಥಿಸತ್ಕಾರವನ್ನೂ ಒಂದಾಗಿ ಎಣಿಸಿ, ಅದನ್ನು ಗೃಹಸ್ಥನ ನಿತ್ಯಕರ್ಮವೆಂದು ವಿಧಿಸಿದ ಧರ್ಮಶಾಸ್ತ್ರಕಾರರ ದೃಷ್ಟಿಯಲ್ಲಿ ಮನೆಯು ಮನೆಯವರಿಗೆ ಮಾತ್ರ ಸೇರಿದುದಲ್ಲ. ಆ ವಿಧಿಗೆ ಸ್ಥಳವನ್ನೊದಗಿಸಿದುದು ಜಗಲಿಯೇ. ಪರಿಚಯವಿಲ್ಲದ ದಾರಿಹೋಕನು ಕಾಲು ತೊಳೆದು, ಬೆಲ್ಲದ ತುಣುಕೊಂದನ್ನು ಬಾಯಿಗಿಟ್ಟು ನೀರು ಕುಡಿದು, ಕಂಬಕ್ಕೊರಗಿ ಕುಳಿತು, ಕವಳದ ತಟ್ಟೆಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದುದು ಅಲ್ಲಿಯೇ. ಜಾತಿಯ ಕಟ್ಟುಪಾಡಿನಿಂದಾಗಿ ಆ ಜಗಲಿಯನ್ನೂ ಎಲ್ಲರೂ ಏರುವಂತಿರಲಿಲ್ಲವೆಂಬುದನ್ನು ಮರೆಯಲಾಗದು. ಗೋಡೆಯಿಲ್ಲದೆಯೂ ಮುಚ್ಚಿಕೊಳ್ಳಲು ನಾವು ಬಲ್ಲವರು.

ಇನ್ನು ಮಳೆಯ ಮಾತು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಆಗುಂಬೆಯಂಥ ಕಡೆ ಇರಚಲನ್ನು ತಡೆಯಬೇಡವೆನ್ನುವುದು ವೇದಾಂತವಲ್ಲ, ಮೌಢ್ಯ. ಆದರೆ ಹಿಂದಿನವರು ಮಳೆಗಾಲಕ್ಕೆ ಮುನ್ನ ಅಡಿಕೆ ಸೋಗೆಯ ತಟ್ಟಿಯನ್ನು ಕಟ್ಟಿ, ಮಳೆ ಹಿಂದೆಗೆದೊಡನೆ ಬಿಚ್ಚಿಬಿಡುತ್ತಿದ್ದರು. ಇಟ್ಟಿಗೆಯ ಗೋಡೆಗೆ ಋತುಜ್ಞಾನವಿಲ್ಲ. ಭಯವೂ ಹಾಗೆಯೇ, ಒಮ್ಮೆ ಕಟ್ಟಿಕೊಂಡರೆ ಕಾರಣ ಕಳೆದ ಮೇಲೂ ನಿಂತಿರುತ್ತದೆ.

ಆದುದರಿಂದ ಕಟ್ಟಿಸುವವರಲ್ಲಿ ನನ್ನ ಬಿನ್ನಹವಿಷ್ಟೇ: ಮಳೆ ಬೀಸಿ ಬರುವ ಪಡುವಣ ಪಾರ್ಶ್ವವನ್ನು ಧಾರಾಳವಾಗಿ ಮುಚ್ಚಿಸಿರಿ, ದಾರಿಯ ಕಡೆಯದನ್ನು ತೆರೆದಿಡಿರಿ.