ಕಲ್ಪಿತ ರೋಗಿಯ ಋಣ

ಇಲ್ಲದ ಮನುಷ್ಯನೊಬ್ಬನ ಋಣದಲ್ಲಿ ನಾವು ಇರುವುದು ಸಾಧ್ಯವೆ? ಇದು ತಾರ್ಕಿಕರ ಚೇಷ್ಟೆಯ ಪ್ರಶ್ನೆಯಂತೆ ಕೇಳಿಸಬಹುದು. ಆದರೆ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನಂಥವರಿಗೆ ಇದು ದಿನನಿತ್ಯದ ಪ್ರಶ್ನೆ. ಪಾಠಕ್ಕೂ ಪರೀಕ್ಷೆಗೂ ನಾವು ರೋಗಿಗಳನ್ನು ಸೃಷ್ಟಿಸುತ್ತೇವೆ. ವಯಸ್ಸು, ಊರು, ಉದ್ಯೋಗ, ಮೂರು ದಿನದ ಜ್ವರ, ಎರಡು ತಿಂಗಳ ಕೆಮ್ಮು ಇಷ್ಟನ್ನು ಕಾಗದದ ಮೇಲೆ ಬರೆದರೆ ಒಬ್ಬ ರೋಗಿ ಸಿದ್ಧನಾದನು. ಕೆಲವೊಮ್ಮೆ ತರಬೇತಿ ಪಡೆದ ಒಬ್ಬರು ಆ ಪಾತ್ರವನ್ನು ವಹಿಸಿ ಮಂಚದ ಮೇಲೆ ಮಲಗಿ ನರಳುವುದೂ ಉಂಟು.

ಈ ಉಪಾಯದ ಹಿಂದಿನ ವಿಚಾರ ಹಳೆಯದು. ಶಸ್ತ್ರ ಹಿಡಿಯತಕ್ಕ ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕಲಿಯಬೇಕು, ಪಟ್ಟಿ ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು ಎಂದು ಸುಶ್ರುತ ಸಂಹಿತೆ ವಿಧಿಸಿದೆ. ೧೯೬೩ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನರರೋಗತಜ್ಞ ಹೊವರ್ಡ್ ಬ್ಯಾರೋಸ್ ಅವರು ಆರೋಗ್ಯವಂತರೊಬ್ಬರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ತಂದರು. ೧೯೭೫ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ರೊನಾಲ್ಡ್ ಹಾರ್ಡೆನ್ ಅವರು, ಎಲ್ಲ ವಿದ್ಯಾರ್ಥಿಗಳೂ ಗಂಟೆ ಹೊಡೆದಂತೆ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಒಂದೇ ಬಗೆಯ ಸಮಸ್ಯೆಗಳನ್ನು ಎದುರಿಸುವ ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ೨೦೧೯ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ನಡತೆ, ನೀತಿ, ಸಂವಹನಗಳನ್ನೂ ಪಾಠದ ವಿಷಯಗಳನ್ನಾಗಿ ಮಾಡಿದೆ. ಮೊದಲ ತಪ್ಪು ಕೊಯ್ತ ಸೋರೆಕಾಯಿಯ ಮೇಲೆ ಬೀಳಲಿ ಎಂಬುದು ಸುಶ್ರುತನ ಕರುಣೆ. ಮೊದಲ ಒರಟು ಮಾತೂ ಹಾಗೆಯೇ ಬೊಂಬೆಯ ಮೇಲೆ ಬೀಳಲಿ ಎಂಬುದು ಇಂದಿನವರ ಆಶಯ. ಇಲ್ಲಿಯವರೆಗೆ ತಕರಾರಿಗೆ ಎಡೆಯಿಲ್ಲ.

ಆದರೆ ಬೊಂಬೆಯನ್ನು ಯಾವ ಮಣ್ಣಿನಿಂದ ಮಾಡಬೇಕು? ನಿಜವಾದ ರೋಗಿಯ ಕಥೆಯನ್ನೇ ಹೆಸರು ಬದಲಾಯಿಸಿ ಬರೆದರಾಯಿತು ಎನ್ನುವವರಿದ್ದಾರೆ. ನನ್ನ ಊರು ಕೃಷ್ಣೆಯ ದಂಡೆಯ ಜುಗೂಳ. ಮೊದಲು ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿದೆ. ಹೊಳೆಯ ಆಚೆಗೆ ಮಹಾರಾಷ್ಟ್ರದ ಖಿದ್ರಾಪುರ. ಇಂಥ ಊರಿನಲ್ಲಿ ಹೆಸರು ಬದಲಾಯಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ‘ಹೊಳೆದಂಡೆಗೆ ಎರಡೆಕರೆ ಕಬ್ಬು, ಒಬ್ಬ ಮಗ ಸಾಂಗಲಿಯಲ್ಲಿ, ಹೆಂಡತಿ ತೀರಿ ಮೂರು ವರ್ಷ’ ಎಂದೊಡನೆ ಕಟ್ಟೆಯ ಮೇಲೆ ಕುಳಿತವರು ಆಸಾಮಿಯನ್ನು ಗುರುತಿಸಿಬಿಡುತ್ತಾರೆ. ಬೆಳಗಾವಿಯ ಕಾಲೇಜುಗಳಲ್ಲಿ ಓದುವ ಹುಡುಗರಲ್ಲಿಯೂ ಇಂಥ ಕಟ್ಟೆಗಳಿಂದಲೇ ಬಂದವರಿದ್ದಾರೆ. ರೋಗಿಯು ತನ್ನ ಸಂಕಟವನ್ನು ನಮಗೆ ಹೇಳಿದ್ದು ವಾಸಿಯಾಗುವುದಕ್ಕಾಗಿ, ಪ್ರಶ್ನಪತ್ರಿಕೆಯಾಗುವುದಕ್ಕಲ್ಲ. ಆದುದರಿಂದ ರೋಗವನ್ನು ಗ್ರಂಥದಿಂದಲೂ ವಾರ್ಡಿನಿಂದಲೂ ತೆಗೆದುಕೊಳ್ಳಬಹುದು. ಹೊಲ, ಹೊಳೆ, ಕೆಲಸಗಳನ್ನು ಸೀಮೆಯಿಂದ ತೆಗೆದುಕೊಳ್ಳಬಹುದು. ಯಾರದೇ ಮನೆಯನ್ನು ಮಾತ್ರ ತೆಗೆದುಕೊಳ್ಳಬಾರದು. ಇದು ನಾನು ಹಾಕಿಕೊಂಡಿರುವ ಗೆರೆ.

ಹೀಗೆ ಕಲ್ಪನೆಗೆ ಇಳಿದರೆ ಎರಡನೆಯ ಅಪಾಯ ಎದುರಾಗುತ್ತದೆ. ಬರೆಯುವವನು ತಾನು ಕಂಡುದನ್ನಲ್ಲ, ತಾನು ನಂಬಿದುದನ್ನು ಬರೆಯತೊಡಗುತ್ತಾನೆ. ಯಕೃತ್ತಿನ ರೋಗಕ್ಕೆ ಕುಡುಕ ಕೂಲಿ, ಕ್ಷಯಕ್ಕೆ ಬಡವ, ಎಚ್.ಐ.ವಿ.ಗೆ ಲಾರಿ ಚಾಲಕ, ಎದೆ ಡವಗುಟ್ಟುವ ಗಾಬರಿಗೆ ಹೆಂಗಸು! ಐದು ವರ್ಷ ಇವರನ್ನೇ ಓದಿದ ವಿದ್ಯಾರ್ಥಿಯು, ಎದೆನೋವೆಂದು ನಿಜವಾಗಿಯೂ ಬಂದ ಹೆಂಗಸನ್ನು ಗಾಬರಿಯ ಗಿರಾಕಿಯೆಂದು ಮನೆಗೆ ಕಳಿಸಿದರೆ ಅಪರಾಧ ಯಾರದು? ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿಯುವ ಹೆಂಗಸೊಬ್ಬಳು ಕೆಮ್ಮುತ್ತ ಬಂದಳೆನ್ನಿ. ‘ಬೀಡಿ ಸೇದುತ್ತೀರಾ?’ ಎಂದು ಕೇಳಿ, ‘ಇಲ್ಲ’ ಎಂಬ ಉತ್ತರವನ್ನು ಬರೆದುಕೊಂಡರೆ ತಂಬಾಕಿನ ಸಂಗತಿ ಅಲ್ಲಿಗೆ ಮುಗಿಯಿತು. ‘ಏನು ಕೆಲಸ ಮಾಡುತ್ತೀರಿ?’ ಎಂದು ಕೇಳಿದ್ದರೆ ಆ ಸಂಗತಿ ಅಲ್ಲಿಂದ ಆರಂಭವಾಗುತ್ತಿತ್ತು. ರೋಗಿಯ ಕಸುಬನ್ನು ಕೇಳಿರೆಂದು ಇಟಲಿಯ ರಾಮಾಜಿನಿ ೧೭೦೦ರಲ್ಲಿಯೇ ತನ್ನ ಗ್ರಂಥದಲ್ಲಿ ವೈದ್ಯರಿಗೆ ಹೇಳಿದ್ದನು. ತಂಬಾಕಿನ ಕೆಲಸಗಾರರ ಬೇನೆಗಳ ಮೇಲೆ ಅದರಲ್ಲಿ ಒಂದು ಅಧ್ಯಾಯವೇ ಇದೆ.

ಇನ್ನು ಭಾಷೆಯ ವಿಚಾರ. ನಮ್ಮ ಕಾಗದದ ರೋಗಿಗಳು ಬಹಳ ಅಚ್ಚುಕಟ್ಟಾಗಿ ಮಾತನಾಡುತ್ತಾರೆ. ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯಿತೆಂಬುದನ್ನು ಕ್ರಮವಾಗಿ ಒಪ್ಪಿಸುತ್ತಾರೆ. ಕೃಷ್ಣೆಯ ದಂಡೆಯ ರೋಗಿಯಾದರೋ ‘ಜೀವಾ ಕಳಮಳ ಆಗತೈತ್ರೀ ಸಾಹೇಬ್ರ, ಕೈಕಾಲು ಹರಿಯಾಕ ಹತ್ಯಾವು’ ಎನ್ನುತ್ತಾನೆ. ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸುವವರೂ ಇದ್ದಾರೆ. ತನ್ನ ರೋಗವನ್ನು ತಿಳಿಸಬಲ್ಲ ಶಕ್ತಿಯನ್ನು ರೋಗಿಯ ನಾಲ್ಕು ಗುಣಗಳಲ್ಲಿ ಒಂದೆಂದು ಚರಕ ಸಂಹಿತೆ ಎಣಿಸಿದೆ. ಒಳ್ಳೆಯ ಮಾತೇ. ಆದರೆ ಆ ಗುಣ ಅರ್ಧ ರೋಗಿಯದು, ಇನ್ನರ್ಧ ಕೇಳುವವನದು. ‘ಕಳಮಳ’ ಎಂಬ ಶಬ್ದವನ್ನು ಎದೆಯ ರೋಗವೋ ಹೊಟ್ಟೆಯ ರೋಗವೋ ಮನಸ್ಸಿನ ವ್ಯಥೆಯೋ ಎಂದು ಬಿಡಿಸಿ ಕೇಳುವುದೇ ವಿದ್ಯೆ. ಅದನ್ನು ಮೊದಲೇ ಬಿಡಿಸಿ ಕೊಟ್ಟಮೇಲೆ ವಿದ್ಯಾರ್ಥಿಗೆ ಉಳಿಯುವುದು ಒಗಟು ಮಾತ್ರ, ಮನುಷ್ಯನಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಹಿಂದಿನ ಕ್ರಮದಲ್ಲಿ ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಮಾತೇ ಆಡದ ರೋಗಿ ಸಿಕ್ಕಿ, ತೇರ್ಗಡೆಯಾಗುವುದು ಅದೃಷ್ಟದ ಮಾತಾಗಿತ್ತು. ಅಚ್ಚುಕಟ್ಟಾದ ಕಲ್ಪಿತ ರೋಗಿಯು ಎಲ್ಲರಿಗೂ ಸಮಾನ. ಅಂದರೆ ವಿದ್ಯಾರ್ಥಿಗೆ ಸಲ್ಲತಕ್ಕ ನ್ಯಾಯವೂ ರೋಗಿಗೆ ಸಲ್ಲತಕ್ಕ ಸತ್ಯವೂ ಇಲ್ಲಿ ಎದುರುಬದುರಾಗಿ ನಿಲ್ಲುತ್ತವೆ.

ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ನಮ್ಮ ಸೀಮೆಯ ಹಳ್ಳಿಗಳು ಮುಳುಗಿದವು. ನೀರು ಇಳಿದ ಮೇಲೆ ಬರಿಗಾಲಿನಲ್ಲಿ ಮನೆಯ ರಾಡಿ ಬಳಿದ ನಲವತ್ತು ವರ್ಷದ ರೈತನನ್ನು ಕಲ್ಪಿಸಿಕೊಳ್ಳಿ. ಆರು ದಿನದ ಜ್ವರ, ಮೀನಖಂಡಗಳ ತೀವ್ರ ನೋವು, ಕೆಂಪಾದ ಕಣ್ಣು, ಕಡಿಮೆಯಾದ ಮೂತ್ರ. ಜಾಣ ವಿದ್ಯಾರ್ಥಿಯು ಇಲಿಜ್ವರವೆಂದು ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಆದರೆ ಈ ರೋಗದಲ್ಲಿ ಔಷಧವನ್ನು ಬೇಗನೆ ಆರಂಭಿಸಿದಷ್ಟೂ ಒಳ್ಳೆಯದು. ತಡವಾದರೆ ಮೂತ್ರಪಿಂಡ ಕೆಡಬಹುದು. ಹಾಗಿದ್ದರೆ ಈತ ಆರು ದಿನ ಏಕೆ ಕಾದ? ಮಿರಜ ದೂರದ ಊರಲ್ಲ, ೧೮೯೪ರಲ್ಲಿ ಡಾ. ವಾನ್ಲೆಸ್ ಅವರು ಸ್ಥಾಪಿಸಿದ ಆಸ್ಪತ್ರೆಯ ಕಾಲದಿಂದಲೂ ಈ ಭಾಗದವರಿಗೆ ಪರಿಚಿತವಾದ ವೈದ್ಯರ ಊರು. ‘ನಿರ್ಲಕ್ಷ್ಯ’ ಎಂದು ಬರೆಯುವುದು ಸುಲಭ. ಎಮ್ಮೆಗಳನ್ನು ಬಿಟ್ಟು ಹೋಗುವಂತಿರಲಿಲ್ಲವೋ, ದುಡ್ಡು ಹೊಂದಿಸುವುದಿತ್ತೋ, ಮೈಕೈ ನೋವು ರಾಡಿ ಬಳಿದುದರ ಫಲವೆಂದು ತಿಳಿದನೋ? ಕಾರಣವಿಲ್ಲದೆ ತಡಮಾಡುವ ರೋಗಿಯು ಕಾಗದದ ಮೇಲೆ ಮಾತ್ರ ಇರುತ್ತಾನೆ. ಅಂಥವನನ್ನು ಬರೆದಾಗ ನಾವು ಬಡವರ ಮೇಲೆ ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ.

ಈ ಕಾರಣವನ್ನು ಪರೀಕ್ಷೆಯಲ್ಲಿ ಸೇರಿಸಿದರೆ ಸಮಾನತೆ ಕೆಡಬೇಕಾಗಿಲ್ಲ. ಒಂದೇ ಕಾರಣವನ್ನು ಪಾತ್ರಧಾರಿಗೆ ಮೊದಲೇ ಕಲಿಸಿಡಬಹುದು. ‘ಇಷ್ಟು ದಿನ ಏನು ಮಾಡುತ್ತಿದ್ದೆ?’ ಎಂದು ಗದರಿಸಿದವನ ಮುಂದೆ ಆತ ತಲೆ ತಗ್ಗಿಸಲಿ. ‘ಬರಾಕ ಏನರ ಅಡಚಣಿ ಆಗಿತ್ತೇನ್ರಿ ಕಾಕಾ?’ ಎಂದವನಿಗೆ ಬಾಯಿ ಬಿಡಲಿ. ಅಂಕಗಳು ಪ್ರಶ್ನೆ ಕೇಳಿದ ರೀತಿಗೆ ಸಲ್ಲಲಿ.

ಹಾಗಾದರೆ ಅಂಕದ ಆಸೆಗೆ ತೋರಿಸಿದ ಮರುಕವು ಮರುಕವೇ, ನಟನೆಯೇ? ವಿದ್ಯಾರ್ಥಿಯೂ ಬಲ್ಲ, ಪಾತ್ರಧಾರಿಯೂ ಬಲ್ಲ. ಆದ್ದರಿಂದ ಇಲ್ಲಿ ವಂಚನೆಯಿಲ್ಲ. ಆದರೆ ಕಂಠಪಾಠದ ಕನಿಕರ ಹುಟ್ಟುವ ಭಯ ನಿಜವಾದದ್ದು. ಹಿರಿಯರಿಗೆ ನಮಸ್ಕರಿಸುವುದನ್ನೂ ನಾವು ಮೊದಲು ಅರ್ಥ ತಿಳಿಯದೆಯೇ ಕಲಿತೆವಲ್ಲವೆ? ಗೌರವ ಕೈಗಳಿಗೆ ಮೊದಲು ಬಂದು ಮನಸ್ಸಿಗೆ ಆಮೇಲೆ ಇಳಿಯಿತು. ಕೆಲವರಲ್ಲಿ ಇಳಿಯಲೇ ಇಲ್ಲ. ಅಭ್ಯಾಸವು ಕರುಣೆಯನ್ನು ಹುಟ್ಟಿಸಲಾರದು, ಅದು ಬರುವ ಹಾದಿಯನ್ನು ಹಸನು ಮಾಡಬಲ್ಲದು. ಅಷ್ಟಕ್ಕೆ ಶಿಕ್ಷಣವು ತೃಪ್ತಿಪಡಬೇಕು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದೆಂದು ತೋರುತ್ತದೆ. ಕಾಗದದ ರೋಗಿಗೆ ನೋವಿಲ್ಲ, ಮಾನವಿಲ್ಲ, ಸಾವೂ ಇಲ್ಲ. ಅವನಿಗೆ ನಾವು ಕೊಡಬೇಕಾದುದೇನೂ ಇಲ್ಲ. ಆದರೆ ಅವನು ಮುಂದೆ ಬರತಕ್ಕವರ ಪ್ರತಿನಿಧಿಯಾಗಿ ಕುಳಿತಿದ್ದಾನೆ. ಅವನನ್ನು ಮೂರ್ಖನೆಂದು ಬರೆದರೆ, ಹತ್ತು ವರ್ಷಗಳ ನಂತರ ಹೊಳೆದಂಡೆಯ ಯಾವುದೋ ಹಳ್ಳಿಯಿಂದ ಜ್ವರದಲ್ಲಿ ನಡುಗುತ್ತ ಬಂದವನನ್ನು, ಬಾಯಿ ತೆರೆಯುವ ಮುನ್ನವೇ ಮೂರ್ಖನೆಂದು ಎಣಿಸುವ ವೈದ್ಯನೊಬ್ಬನು ಸಿದ್ಧನಾಗಿರುತ್ತಾನೆ.